ಮೊಣಕೈ ಮರೆಯ ಕಾರು

ಸಂಜೀವಯ್ಯನವರ ಕಾರಿಗೆ ಬಿಸಿಬೇಳೆಬಾತು ಅಂತ ನಾಮಕರಣವಾದದ್ದು ೧೯೮೪ರ ಡಿಸೆಂಬರಿನ ಎರಡನೇ ಭಾನುವಾರ, ಬೆಳಿಗ್ಗೆ ಹನ್ನೊಂದರ ಸುಮಾರಿಗೆ. ಹೆಸರಿಟ್ಟವರು ವಕೀಲ ರಾಮಪ್ರಸಾದ, ಹಳೇ ಕಾರು ಸಂಘದ ಅಧ್ಯಕ್ಷರು. ಜಯನಗರ ಎರಡನೇ ಬ್ಲಾಕಿನ ಅವರ ಮನೆಯ ಸಂಪಿಗೆ ಮರದ ಕೆಳಗೆ ಹದಿನಾಲ್ಕು ಜನ ಸದಸ್ಯರು ಕೂತು, ಜನವರಿಯ ರ‍್ಯಾಲಿಯಲ್ಲಿ ಯಾವ ಕಾರು ಯಾವ ಸಾಲಿನಲ್ಲಿ ಹೋಗಬೇಕು ಅಂತ ಪಟ್ಟಿ ಮಾಡುತ್ತಿದ್ದರು.

"ಬೇಜಾರು ಮಾಡ್ಕೋಬೇಡಿ ಸಂಜೀವಯ್ಯನವರೇ," ಅಂದರು ರಾಮಪ್ರಸಾದ, ಕನ್ನಡಕ ಒರೆಸುತ್ತಾ. "ಚಾಸಿ ಒಂದು ಗಾಡೀದು, ಇಂಜಿನ್ ಇನ್ನೊಂದರದ್ದು, ಬಾಗಿಲು ಯಾವುದರದ್ದೋ ಏನೋ. ನಿಮ್ಮದು ಬಿಸಿಬೇಳೆಬಾತು ಇದ್ದ ಹಾಗೆ. ರುಚಿಯಾಗಿದೆ, ಇಲ್ಲ ಅನ್ನಲ್ಲ. ಆದ್ರೆ ಯಾವ ಸಾಲಲ್ಲಿ ನಿಲ್ಲಿಸೋಣ ಹೇಳಿ?"

ಎಲ್ಲರೂ ನಕ್ಕರು. ಸಂಜೀವಯ್ಯನವರೂ ನಕ್ಕರು. ಕೊನೆಗೆ ಅವರ ಕಾರನ್ನು ಎಲ್ಲಕ್ಕಿಂತ ಹಿಂದೆ ಇಡುವುದು, ಅದರ ಹಿಂದಿನ ಸೀಟಿನಲ್ಲಿ ಮಜ್ಜಿಗೆ ಡ್ರಮ್ಮು ಮತ್ತು ಲೋಟಗಳನ್ನು ಸಾಗಿಸುವುದು ಅಂತ ತೀರ್ಮಾನವಾಯಿತು. ಜನವರಿಯಲ್ಲಿ ಹಾಗೇ ಆಯಿತು. ಲಾಲ್‌ಬಾಗಿನಿಂದ ಬನಶಂಕರಿವರೆಗೆ ಜನ ಚಪ್ಪಾಳೆ ತಟ್ಟಿದ್ದೆಲ್ಲ ಮುಂದಿನ ಕಾರುಗಳಿಗೆ. ಇವರ ಕಾರು ಹತ್ತಿರ ಬಂದಾಗ ಕೈ ಮುಂದೆ ಚಾಚಿ ಮಜ್ಜಿಗೆ ಕೇಳಿದರು.

ಸಂಜೀವಯ್ಯ ಸರ್ಕಾರಿ ಕಾರ್ಖಾನೆಯೊಂದರ ಟೂಲ್ ರೂಮಿನಲ್ಲಿ ಇಪ್ಪತ್ತೊಂಬತ್ತು ವರ್ಷ ದುಡಿದು ನಿವೃತ್ತರಾದವರು. ಕೂದಲೆಳೆಯನ್ನು ಹತ್ತು ಸೀಳು ಮಾಡಿದರೆ ಒಂದು ಸೀಳಿನಷ್ಟು ವ್ಯತ್ಯಾಸವನ್ನು ಬೆರಳ ತುದಿಯಲ್ಲೇ ಹೇಳಬಲ್ಲವರು. ಕಲಾಸಿಪಾಳ್ಯದ ಗುಜರಿಯಲ್ಲಿ ತುಕ್ಕು ಹಿಡಿದು ಬಿದ್ದಿದ್ದ ಆಲ್ಡರ್ಟನ್ ಟೆನ್ ಎಂಬ ಇಂಗ್ಲಿಷ್ ಕಾರಿನ ಅಸ್ಥಿಪಂಜರವನ್ನು ಎತ್ತಿನ ಗಾಡಿಯಲ್ಲಿ ಬನಶಂಕರಿ ಎರಡನೇ ಹಂತದ ಮನೆಗೆ ತಂದು, ಒಂಬತ್ತು ವರ್ಷ ಶೆಡ್ಡಿನಲ್ಲಿ ಕೂತು ಅದಕ್ಕೆ ಜೀವ ಕೊಟ್ಟಿದ್ದರು. ಸಂಘದ ಹದಿನಾಲ್ಕು ಜನರಲ್ಲಿ ತಮ್ಮ ಕಾರಿನ ಪ್ರತಿಯೊಂದು ನಟ್ಟನ್ನೂ ತಮ್ಮ ಕೈಯಿಂದಲೇ ತಿರುಗಿಸಿದವರು ಅವರೊಬ್ಬರೇ. ಉಳಿದವರು ಮೆಕ್ಯಾನಿಕ್ ಇಟ್ಟುಕೊಂಡಿದ್ದರು. ರಾಮಪ್ರಸಾದರಿಗಂತೂ ತಮ್ಮ ಕಾರಿನ ರೇಡಿಯೇಟರಿಗೆ ನೀರು ಹುಯ್ಯುವುದು ಎಲ್ಲಿ ಅಂತ ತಿಳಿದದ್ದೇ ಹೋದ ವರ್ಷ. ಆದರೆ ಆ ಕಾರಿಗೆ ವಂಶವಿತ್ತು. ಅವರ ತಾತ ಹೊಸದಾಗಿ ಕೊಂಡದ್ದು.

ಹಾಗಾಗಿ ಫೆಬ್ರವರಿಯಲ್ಲಿ ಇಂಗ್ಲೆಂಡಿನಿಂದ ಆ ಫೋಟೋ ಬಂದಾಗ ಸಂಜೀವಯ್ಯನವರ ಎದೆಯಲ್ಲಿ ಮಜ್ಜಿಗೆ ಇನ್ನೂ ಹುಳಿಯಾಗುತ್ತಲೇ ಇತ್ತು.

ಆಲ್ಡರ್ಟನ್ ಕಾರ್ಖಾನೆ ಮುಚ್ಚಿ ಎಷ್ಟೋ ಕಾಲವಾಗಿತ್ತು. ಆದರೆ ಆ ಕಾರುಗಳ ಅಭಿಮಾನಿಗಳ ಸಂಘವೊಂದು ಅಲ್ಲಿತ್ತು. ೧೯೩೬ರಲ್ಲಿ ಕಾರ್ಖಾನೆಯೊಳಗೆ ತೆಗೆದ ಒಂದು ಚಿತ್ರ ಅವರಿಗೆ ಸಿಕ್ಕಿತ್ತು. ಗಾಜಿನ ಮಾಡಿನ ಕೆಳಗೆ ಎರಡು ಸಾಲಿನಲ್ಲಿ ಹನ್ನೊಂದು ಕಾರು, ಪಕ್ಕದಲ್ಲಿ ಟೋಪಿ ಹಾಕಿದ ಕೆಲಸಗಾರರು. ಹತ್ತು ಕಾರುಗಳ ಗುರುತು ಹತ್ತಿತ್ತು. ಎರಡನೇ ಸಾಲಿನ ಮೂರನೆಯದು ಮಾತ್ರ ಒಗಟಾಗಿ ಉಳಿದಿತ್ತು. ಅದರ ಮುಂಗಾಜಿನ ಮೇಲೆ ಸೀಮೆಸುಣ್ಣದಲ್ಲಿ ಯಾವುದೋ ಊರಿನ ಹೆಸರು ಬರೆದಿದ್ದರು. ಒಬ್ಬ ಕೆಲಸಗಾರ ಗಾಜಿಗೆ ಮೊಣಕೈ ಊರಿ ನಿಂತಿದ್ದರಿಂದ ಕೊನೆಯ ನಾಲ್ಕು ಇಂಗ್ಲಿಷ್ ಅಕ್ಷರಗಳಷ್ಟೇ ಕಾಣುತ್ತಿದ್ದವು: ಎಲ್, ಓ, ಆರ್, ಇ. ಇದು ನಿಮ್ಮ ಕಡೆಯ ಊರಿರಬಹುದೇ, ಆ ಕಾರು ಉಳಿದಿದೆಯೇ ಅಂತ ಅವರು ಕೇಳಿದ್ದರು. ಸಿಕ್ಕಿದರೆ ೧೯೮೬ರ ಜೂನಿನಲ್ಲಿ ಚಿತ್ರದ ಸುವರ್ಣ ಮಹೋತ್ಸವಕ್ಕೆ ಆ ಕಾರನ್ನೂ ಅದರ ಮಾಲೀಕರನ್ನೂ ತಮ್ಮ ಖರ್ಚಿನಲ್ಲಿ ಹಡಗಿನಲ್ಲಿ ಕರೆಸಿಕೊಳ್ಳುವುದಾಗಿ ಬರೆದಿದ್ದರು.

ಸಂಪಿಗೆ ಮರದ ಕೆಳಗೆ ಮೂರು ಭಾನುವಾರ ಬೇರೆ ಮಾತೇ ಇರಲಿಲ್ಲ.

"ಬೆಂಗಳೂರೇ, ಅನುಮಾನವೇ ಬೇಡ," ಅಂದರು ರಾಮಪ್ರಸಾದ.

"ಮಂಗಳೂರು ಯಾಕಾಗಬಾರ್ದು ಸಾರ್? ಅದೂ ಹಾಗೇ ಮುಗಿಯುತ್ತೆ," ಅಂದರು ದೇವದಾಸ್. ನಾಲ್ಕನೇ ಬ್ಲಾಕಿನಲ್ಲಿ ಫೋಟೋ ಸ್ಟುಡಿಯೋ ಇಟ್ಟುಕೊಂಡಿದ್ದವರು.

"ಹಾಗಂದ್ರೆ ನೆಲ್ಲೂರೂ ಆಯ್ತು, ವೆಲ್ಲೂರೂ ಆಯ್ತು," ಅಂದರು ಇನ್ನೊಬ್ಬರು.

"ಆ ಮಹಾರಾಯ ಮೊಣಕೈ ಒಂದಿಂಚು ಸರಿಸಿದ್ದಿದ್ರೆ ಏನು ಗಂಟು ಹೋಗ್ತಿತ್ತು?"

ದೇವದಾಸ್ ಚಿತ್ರವನ್ನು ಬಾಗಿಲಿನಷ್ಟು ದೊಡ್ಡದು ಮಾಡಿ ತಂದರು. ಮೊಣಕೈ ಇನ್ನೂ ದೊಡ್ಡದಾಯಿತು, ಅಷ್ಟೇ. ಭೂತಗನ್ನಡಿ ಹಿಡಿದು ಎಲ್ಲರೂ ಆ ಅಂಗಿಯ ನೆರಿಗೆಗಳನ್ನು ನೋಡಿದ್ದೇ ನೋಡಿದ್ದು.

ಸಂಜೀವಯ್ಯ ಮೊಣಕೈಯನ್ನು ನೋಡಲಿಲ್ಲ. ಅವರು ಬಾನೆಟ್ಟಿನ ಪಕ್ಕದ ಗಾಳಿಕಿಂಡಿಗಳನ್ನು ಎಣಿಸಿದರು. ಉಳಿದ ಕಾರುಗಳಿಗೆ ಒಂದೊಂದು ಮಗ್ಗುಲಿಗೆ ಹದಿನೆಂಟು. ಮೊಣಕೈ ಮರೆಯ ಕಾರಿಗೆ ಇಪ್ಪತ್ತನಾಲ್ಕು. ಸೆಖೆಯ ದೇಶಕ್ಕೆ ಹೋಗುವ ಕಾರೆಂದು ಕೊರೆದದ್ದು. ಇದನ್ನು ಅವರು ಯಾರಿಗೂ ಹೇಳಲಿಲ್ಲ. ಮನೆಗೆ ಹೋಗಿ, ಕೈಕಾಲು ತೊಳೆದು, ಊಟ ಮಾಡಿ, ತಮ್ಮ ಕಾರಿನ ಮುಂದೆ ಬಹಳ ಹೊತ್ತು ಸ್ಟೂಲು ಹಾಕಿಕೊಂಡು ಕೂತರು. ಚಾಸಿ ಅಪ್ಪಟ ಆಲ್ಡರ್ಟನ್ ಟೆನ್‌ದು. ಆ ಕಾಲದ್ದೇ. ನಂಬರು ಕೆತ್ತಿದ ಅದರ ಹಿತ್ತಾಳೆ ಬಿಲ್ಲೆ ಸವೆದು ಹಪ್ಪಳವಾಗಿದ್ದರಿಂದ ಆರ್.ಸಿ. ಪುಸ್ತಕದಲ್ಲಿ ಚಾಸಿ ನಂಬರಿನ ಮುಂದೆ ಬರೆದದ್ದು ಒಂದೇ ಮಾತು: ಓದಲಾಗದು.

ಓದಲಾಗದ್ದನ್ನು ಓದುವ ಹಾಗೆ ಮಾಡಿದರೆ ತಪ್ಪೇನು, ಅಂತ ಸಂಜೀವಯ್ಯನವರಿಗೆ ಮೊದಲ ಬಾರಿ ಅನ್ನಿಸಿದ್ದು ಆ ಮಧ್ಯಾಹ್ನ.

ಅವರು ಆತುರದ ಮನುಷ್ಯರಲ್ಲ. ಮೊದಲು ಯೋಚಿಸಿದ್ದು, ಇಂಥ ಕೆಲಸದಲ್ಲಿ ಜನ ಯಾಕೆ ಸಿಕ್ಕಿಬೀಳುತ್ತಾರೆ ಎಂದು. ತಾವೇ ಮುಂದೆ ಬಂದು ಕೂಗುವುದರಿಂದ. ನನ್ನ ಕಾರೇ ಆ ಕಾರು ಅಂತ ಸಂಜೀವಯ್ಯ ಹೇಳಿದರೆ ಹದಿಮೂರು ಜನ ನಗುತ್ತಾರೆ. ರಾಮಪ್ರಸಾದ ಹೇಳಿದರೆ ಹದಿಮೂರು ಜನ ತಲೆಯಾಡಿಸುತ್ತಾರೆ. ಆದ್ದರಿಂದ ಹೇಳಬೇಕಾದವರು ರಾಮಪ್ರಸಾದ. ಬೇಡ ಬೇಡ ಅನ್ನಬೇಕಾದವರು ತಾವು.

ಇಂಗ್ಲೆಂಡಿನ ಪತ್ರದ ಕೆಳಗೆ, ಕಾರ್ಖಾನೆಯ ಹಳೆಯ ಲೆಡ್ಜರುಗಳನ್ನು ಮನೆಯಲ್ಲಿಟ್ಟು ಕಾಪಾಡುತ್ತಿರುವ ಮಿಸ್ ಪೆಂಡಲ್ ಎಂಬ ಮುದುಕಿಯ ವಿಳಾಸವಿತ್ತು. ಸಂಜೀವಯ್ಯ ಆಕೆಗೆ ತುಮಕೂರಿನಲ್ಲಿದ್ದ ಷಡ್ಡಕನ ವಿಳಾಸದಿಂದ, ಷಡ್ಡಕನ ಹೆಸರಿನಲ್ಲಿ, ಹಡಗು ಸಾಗಣೆಯ ಇತಿಹಾಸ ಬರೆಯುತ್ತಿರುವ ವಿದ್ಯಾರ್ಥಿಯಂತೆ ಪತ್ರ ಹಾಕಿದರು. ಒಂದು ಕಾರಿನ ಬಗ್ಗೆ ಕೇಳಲಿಲ್ಲ. ೧೯೩೬ರಲ್ಲಿ ಮದರಾಸು ಬಂದರಿಗೆ ಕಳಿಸಿದ ಎಲ್ಲ ಕಾರುಗಳ ವಿವರ ಕೇಳಿದರು. ಬಿಲ್ಲೆ ಕಳೆದುಹೋದರೆ ನಂಬರು ಇನ್ನೆಲ್ಲಿ ಸಿಗುತ್ತದೆ ಎಂದು ಕೊನೆಯ ಸಾಲಿನಲ್ಲಿ, ಮರೆತು ನೆನಪಾದವರ ಹಾಗೆ ಸೇರಿಸಿದರು.

ಉತ್ತರ ಮೇ ತಿಂಗಳಲ್ಲಿ ಬಂತು. ದುಂಡು ಅಕ್ಷರದಲ್ಲಿ ಐದು ಕಾರುಗಳು. ಬಾನೆಟ್ಟಿಗೆ ಹೆಚ್ಚು ಕಿಂಡಿ ಕೊರೆದದ್ದು ಅವುಗಳಲ್ಲಿ ಒಂದಕ್ಕೇ. ಚಾಸಿ ನಂಬರು ಟಿ ೨೮೭೩, ಬಣ್ಣ ಕಡುನೀಲಿ, ಕೊಂಡವರು ಡಾಕ್ಟರ್ ಚಲುವರಾಜು, ಬೆಂಗಳೂರು ಸಿಟಿ. ನಂಬರನ್ನು ಬಿಲ್ಲೆಯಲ್ಲದೆ ಎಡ ಮುಂಚಕ್ರದ ಸ್ಪ್ರಿಂಗಿನ ಮೇಲ್ಗಡೆ ಚಾಸಿಯ ಒಳಮೈಯಲ್ಲೂ ಒತ್ತುತ್ತಿದ್ದರು, ಇದು ಹೆಚ್ಚು ಜನಕ್ಕೆ ಗೊತ್ತಿಲ್ಲ ಅಂತ ಆ ಪುಣ್ಯಾತ್ಗಿತ್ತಿ ಬರೆದಿದ್ದಳು.

ಸಂಜೀವಯ್ಯ ಮೊದಲು ಡಾಕ್ಟರನ್ನು ಹುಡುಕಿದರು. ಶಂಕರಪುರದಲ್ಲಿ ಅವರ ಮನೆಯಿದ್ದ ಜಾಗದಲ್ಲಿ ಈಗ ಸಿಮೆಂಟಿನ ಅಂಗಡಿ. ಪಕ್ಕದ ಬೀದಿಯಲ್ಲಿ ಅವರ ಹಳೆಯ ಕಾಂಪೌಂಡರ್ ಚಿನ್ನಪ್ಪ ಇನ್ನೂ ಬದುಕಿದ್ದರು. ಎರಡು ಸಲ ಕಾಫಿ ಕುಡಿಸಿದ ಮೇಲೆ ಬೇಕಾದ್ದೆಲ್ಲ ಸಿಕ್ಕಿತು. ಡಾಕ್ಟರು ತೀರಿಕೊಂಡದ್ದು ೧೯೪೭ರಲ್ಲಿ. ಹೆಂಡತಿ ಅವರಿಗಿಂತ ಮುಂಚೆಯೇ ಹೋಗಿದ್ದರು. ಮಕ್ಕಳಿಲ್ಲ. ಅಣ್ಣತಮ್ಮಂದಿರಿಲ್ಲ. ದತ್ತು ತೆಗೆದುಕೊಂಡಿರಲಿಲ್ಲ.

"ಕಾರು ಏನಾಯ್ತು?" ಅಂತ ಸಂಜೀವಯ್ಯ ಕೇಳಿದರು.

"ಯಾರಿಗ್ ಗೊತ್ತು ಸಾಮಿ. ನಾನು ಆಗ್ಲೇ ಕೆಲ್ಸ ಬಿಟ್ಟಿದ್ದೆ. ಡಾಕ್ಟ್ರು ಹೋದ್ರು, ಎಲ್ಲಾ ಹೋಯ್ತು."

ಅಷ್ಟು ಸಾಕಾಗಿತ್ತು. ನಾಳೆ ಯಾರಾದರೂ ಬಂದು ಇದು ನಮ್ಮಪ್ಪನ ಕಾರು, ನಮ್ಮ ತಾತನ ಕಾರು ಅಂದರೆ ಗತಿಯೇನು ಎಂಬ ಒಂದೇ ಅಂಜಿಕೆ ಅವರನ್ನು ಕಾಡುತ್ತಿತ್ತು. ಅದೂ ತೀರಿತು. ಬೇರೇನೂ ಬೇಡ, ಈ ಕಾರು ತಮಗಾಗಿಯೇ ಅನಾಥವಾಗಿದೆ ಅಂತ ಅವರಿಗೆ ಅನ್ನಿಸಿತು.

ಎದುರು ಮನೆಯವರ ಹಿಟ್ಟಿನ ಗಿರಣಿ ಮಧ್ಯಾಹ್ನ ಮೂರರಿಂದ ಐದರವರೆಗೆ ಓಡುತ್ತಿತ್ತು. ಸುತ್ತಿಗೆಯ ಕೆಲಸಕ್ಕೆಲ್ಲ ಸಂಜೀವಯ್ಯ ಆ ಹೊತ್ತನ್ನೇ ಇಟ್ಟುಕೊಂಡರು. ಚಾಸಿಯ ಒಳಮೈಯನ್ನು ಸೀಮೆಎಣ್ಣೆ ಹಾಕಿ ತೊಳೆದಾಗ ಅಲ್ಲಿ ನಿಜವಾಗಿಯೂ ಒಂದು ನಂಬರಿತ್ತು. ತುಕ್ಕು ತಿಂದು ಕೊನೆಯ ನಾಲ್ಕು ಎಂಬ ಅಂಕಿಯೊಂದೇ ಉಳಿದಿತ್ತು. ಅವರು ಅರವನ್ನು ಕೈಗೆತ್ತಿಕೊಂಡರು. ಒಂಬತ್ತು ವರ್ಷ ತೊಡೆಯ ಮೇಲೆ ಹಾಕಿಕೊಂಡು ಬೆಳೆಸಿದ್ದಕ್ಕೆ ಇದ್ದ ಹೆಸರು ಅಷ್ಟೇ, ಒಂದು ನಾಲ್ಕು. ಗಿರಣಿ ಶುರುವಾಯಿತು. ಅವರು ಅದನ್ನು ಉಜ್ಜಿ ತೆಗೆದರು.

ಗೇರು ಪೆಟ್ಟಿಗೆಯ ಮೇಲಿನ ಅಂಕಿಗಳನ್ನು ನೋಡಿ, ಅದೇ ಅಳತೆಗೆ, ಅದೇ ಬಳುಕಿಗೆ ಅಂಕಿ ಒತ್ತುವ ಹೊಸ ಉಕ್ಕಿನ ಪಂಚುಗಳನ್ನು ಅರದಿಂದ ಉಜ್ಜಿ ಮಾಡಿದರು. ಮೂರರ ಪಂಚು ಮಾಡಲು ಎಂಟು ದಿನ ಹಿಡಿಯಿತು. ಒಂದೊಂದು ಅಂಕಿಗೆ ಒಂದೇ ಏಟು. ಎರಡನೇ ಏಟು ಬಿದ್ದರೆ ಅಂಚು ಎರಡಾಗುತ್ತದೆ, ತಿಳಿದವರು ಕಂಡುಹಿಡಿಯುತ್ತಾರೆ. ಎಂಟನ್ನು ಒಂದೂಕಾಲು ಡಿಗ್ರಿ ಓರೆಯಾಗಿ ಹೊಡೆದರು. ಮೂವತ್ತಾರರ ಕೆಲಸಗಾರನಿಗೂ ಊಟದ ಹೊತ್ತಾಗಿರುತ್ತದಲ್ಲ. ಆಮೇಲೆ ಹುಣಿಸೇಹಣ್ಣು, ಉಪ್ಪು ಕಿವುಚಿದ ನೀರಲ್ಲಿ ಗೋಣಿತಾಟು ನೆನೆಸಿ ಮೂರು ವಾರ ಸುತ್ತಿಟ್ಟರು. ತುಕ್ಕು ಬಂತು, ಕೆರೆದರು, ಮತ್ತೆ ಬಂತು.

"ಏನೂಂದ್ರೆ, ಡಬ್ಬದಲ್ಲಿ ಹುಣಿಸೇಹಣ್ಣೇ ಇಲ್ಲ," ಅಂದರು ಹೆಂಡತಿ ಈಶ್ವರಮ್ಮ. "ಸಾರಿಗೇನು ಹಾಕ್ಲಿ?"

"ಲ್ಯಾಂಪಿನ ಹಿತ್ತಾಳೆ ತೊಳೆದೆ."

"ಒಂದು ಕೇಜಿ ಹುಣಿಸೇಹಣ್ಣಲ್ಲಿ? ನಮ್ಮ ಮನೆ ದೀಪಾಲೆ ಕಂಬಕ್ಕೂ ಅಷ್ಟು ಹಾಕಿಲ್ಲ ನಾನು."

ತುಕ್ಕು ಒಪ್ಪುವ ಹಾಗೆ ಬಂದ ಮೇಲೆ ಬಣ್ಣ. ಎಲ್ಲಕ್ಕಿಂತ ಕೆಳಗೆ ಕಡುನೀಲಿ. ಅದರ ಮೇಲೆ ಕಪ್ಪು. ಅದರ ಮೇಲೆ ಯುದ್ಧಕಾಲದ ಬೂದಿ. ಮೇಲೆ ಗುಜರಿಯಲ್ಲಿ ಸಿಕ್ಕಾಗ ಇದ್ದ ಹಸಿರು. ಒಂದೊಂದು ಪದರವನ್ನೂ ಬಿಸಿಲಲ್ಲಿ ಒಣಗಿಸಿ, ಬಿರುಕು ಬಿಡಿಸಿ, ಬಿರುಕಿಗೆ ಹೊಗೆಮಸಿ ಮತ್ತು ಗ್ರೀಸು ತುಂಬಿದರು. ಕೊನೆಗೆ ಬಾನೆಟ್ಟು. ಚಾಸಿಯ ಜೊತೆಗೇ ಬಂದಿದ್ದ ಹಳೆಯದೊಂದು ನೆಗ್ಗಿಹೋಗಿ ಅಟ್ಟದ ಮೇಲಿತ್ತು. ಸಂಘದವರು ಯಾರೂ ಅದನ್ನು ನೋಡಿರಲಿಲ್ಲ. ಇಳಿಸಿ, ತಟ್ಟಿ, ಎರಡು ಮಗ್ಗುಲಿಗೂ ಆರಾರು ಕಿಂಡಿ ಹೆಚ್ಚಿಗೆ ಕೊರೆದು ಕೂರಿಸಿದರು.

ಆಗಸ್ಟಿನ ಒಂದು ಭಾನುವಾರ ಸಂಜೀವಯ್ಯ ಆ ಬಾನೆಟ್ಟು ಹಾಕಿಕೊಂಡು ಸಂಪಿಗೆ ಮರದ ಕೆಳಗೆ ಬಂದರು. ಕಾರನ್ನು ಬೇಕೆಂದೇ ಗೋಡೆಗೆ ಒತ್ತರಿಸಿ ನಿಲ್ಲಿಸಿದರು. ಬಚ್ಚಿಟ್ಟದ್ದನ್ನು ಜನ ಬೇಗ ನೋಡುತ್ತಾರೆ ಅನ್ನುವುದು ಅವರ ಲೆಕ್ಕ. ಆ ಭಾನುವಾರ ಯಾರೂ ನೋಡಲಿಲ್ಲ. ಮುಂದಿನ ಭಾನುವಾರವೂ ನೋಡಲಿಲ್ಲ. ವಿಂಟೇಜ್ ಕಾರಿನ ಪಂಡಿತರೆಲ್ಲ ಉಪ್ಪಿಟ್ಟು ತಿಂದು ಎದ್ದು ಹೋದರು. ಮೂರನೇ ವಾರ ಸಂಜೀವಯ್ಯ ಸೋತು, ಕೈ ಒರೆಸುವ ನೆಪದಲ್ಲಿ ಬಾನೆಟ್ಟಿನ ಮೇಲೆ ಒಂದು ಬಿಳಿ ಬಟ್ಟೆ ಇಳಿಬಿಟ್ಟರು. ಆಗ ದೇವದಾಸರಿಗೆ ಅದರ ಪಕ್ಕದ ಕಿಂಡಿಗಳು ಕಂಡವು; ಚಿತ್ರ ದೊಡ್ಡದು ಮಾಡುವಾಗ ಇಂಥವೇ ಒತ್ತೊತ್ತು ಕಿಂಡಿ ನೋಡಿದ್ದು ನೆನಪಾಯಿತು.

"ಗುರುಗಳೇ, ಒಂದ್ನಿಮಿಷ. ಇಪ್ಪತ್ತೆರಡು, ಇಪ್ಪತ್ಮೂರು... ಇಪ್ಪತ್ನಾಲ್ಕು! ಸಾರ್, ಆ ಫೋಟೋ ತನ್ನಿ!"

ಫೋಟೋ ಬಂತು, ಭೂತಗನ್ನಡಿ ಬಂತು. ಹದಿಮೂರು ಜನ ಕಾರಿನ ಸುತ್ತ ಬಗ್ಗಿದರು.

"ಏ, ಬಿಡ್ರಪ್ಪ," ಅಂದರು ಸಂಜೀವಯ್ಯ. "ನನ್ನದು ಬಿಸಿಬೇಳೆಬಾತು. ಚಾಸಿ ಜೊತೆ ಗುಜರೀಲಿ ಬಿದ್ದಿದ್ದ ಬಾನೆಟ್ಟು. ಹಳೇದು ಬಿರುಕು ಬಿಡ್ತು ಅಂತ ಹಾಕ್ದೆ. ಅದಕ್ಕೆಲ್ಲ ಅರ್ಥ ಹಚ್ಚಬೇಡಿ."

"ಅರ್ಥ ಹಚ್ಚೋದು ನಮ್ಮ ಕೆಲಸ," ಅಂದರು ರಾಮಪ್ರಸಾದ. "ನೀವು ಸುಮ್ನಿರಿ ಸಂಜೀವಯ್ಯನವರೇ. ನಿಮ್ಮ ಹತ್ರ ಏನಿದೆ ಅಂತ ನಿಮಗೇ ಗೊತ್ತಿಲ್ಲ."

ಸಂಜೀವಯ್ಯ ತಲೆ ತಗ್ಗಿಸಿದರು. ನಗು ಬಂದಾಗ ತಲೆ ತಗ್ಗಿಸುವುದು ಒಳ್ಳೆಯ ಅಭ್ಯಾಸ.

ಇಪ್ಪತ್ತನಾಲ್ಕು ಕಿಂಡಿಯ ಕಾರಿನ ನಂಬರು ಯಾವುದು, ಅದನ್ನು ಎಲ್ಲಿ ಒತ್ತಿರುತ್ತಾರೆ ಅಂತ ಕೇಳಿ ರಾಮಪ್ರಸಾದ ಮಿಸ್ ಪೆಂಡಲ್‌ಗೆ ತಮ್ಮ ಲೆಟರ್‌ಹೆಡ್ಡಿನಲ್ಲೇ ಬರೆದರು. ಅಕ್ಟೋಬರಿನಲ್ಲಿ ಉತ್ತರ ಬಂತು. ವಕೀಲರಲ್ಲವೇ, ನಂಬರನ್ನು ಯಾರಿಗೂ ಹೇಳದೆ ಕಾಗದವನ್ನು ಜೇಬಿನಲ್ಲಿಟ್ಟುಕೊಂಡು, ದೇವದಾಸರ ಕೈಗೆ ಕ್ಯಾಮೆರಾ ಕೊಟ್ಟು, ಎಲ್ಲರನ್ನೂ ಕರೆದುಕೊಂಡು ಬನಶಂಕರಿಗೆ ಬಂದರು. ಈಶ್ವರಮ್ಮ ಕೋಡುಬಳೆ ಕೊಟ್ಟರು. ರಾಮಪ್ರಸಾದ ಬಿಳಿ ಪಂಚೆಯನ್ನು ಎತ್ತಿ ಕಟ್ಟಿ, ಗೋಣಿಚೀಲದ ಮೇಲೆ ಅಂಗಾತ ಮಲಗಿ, ಅರ್ಧ ಬ್ಲೇಡು ಹಿಡಿದು ಕಾರಿನ ಕೆಳಗೆ ತೂರಿದರು. ಅವರ ಕಾಲು ಮಾತ್ರ ಹೊರಗೆ ಕಾಣುತ್ತಿತ್ತು. ಆ ಕಾಲುಗಳನ್ನು ನೋಡುತ್ತಾ ನಿಂತಿದ್ದ ಅರ್ಧ ಗಂಟೆ ಸಂಜೀವಯ್ಯನವರ ಜೀವಮಾನದಲ್ಲೇ ಸುಖದ ಅರ್ಧ ಗಂಟೆ.

"ಹಸಿರು... ಬೂದಿ..." ಕೆಳಗಿನಿಂದ ದನಿ ಬರುತ್ತಿತ್ತು. "ಕಪ್ಪು... ದೇವದಾಸ್, ಬರ್ಕೊಳ್ಳಿ. ನೀಲಿ! ಕಡುನೀಲಿ ಕಣ್ರೀ!"

ಸ್ವಲ್ಪ ಹೊತ್ತು ಕೆರೆಯುವ ಸದ್ದು. ಆಮೇಲೆ ಅದೂ ನಿಂತಿತು.

"ಟಿ," ಅಂದರು ರಾಮಪ್ರಸಾದ. "ಎರಡು. ಎಂಟು. ಎಂಟು ಸ್ವಲ್ಪ ಸೊಟ್ಟಗಿದೆ. ಏಳು..."

ಹೊರಗೆ ಬಂದಾಗ ಅವರ ಮುಖವೆಲ್ಲ ಗ್ರೀಸು, ಕಣ್ಣಲ್ಲಿ ನೀರು. ಜೇಬಿನ ಕಾಗದ ತೆಗೆದು ಎಲ್ಲರ ಮುಂದೆ ಓದಿದರು. ಸಂಜೀವಯ್ಯನವರ ಎರಡೂ ಕೈ ಹಿಡಿದುಕೊಂಡು, "ನಾನು ಹೋದ ವರ್ಷ ಆಡಿದ ಮಾತು ಮರ್ತುಬಿಡಿ," ಅಂದರು. ಸಂಜೀವಯ್ಯನವರೂ ಆ ಕೈಗಳನ್ನು ಗಟ್ಟಿಯಾಗಿ ಅದುಮಿದರು. ಅದರಲ್ಲಿ ನಟನೆ ಅರ್ಧ ಮಾತ್ರ.

ರಾಮಪ್ರಸಾದ ಸುಮ್ಮನೆ ಬಿಡುವವರಲ್ಲ. ಕೆರೆದದ್ದು ನಾನೇ, ಕಂಡದ್ದು ನಾನೇ, ಬಣ್ಣದ ಪದರಗಳು ಇಂತಿಷ್ಟು ಅಂತ ಛಾಪಾಕಾಗದದ ಮೇಲೆ ಪ್ರಮಾಣಪತ್ರ ಬರೆದು ಮೊಹರು ಒತ್ತಿಸಿದರು. ನೋಂದಣಿ ಪುಸ್ತಕದಲ್ಲಿ ಓದಲಾಗದು ಅಂತಿದ್ದ ಕಡೆ ನಂಬರು ಏರಿಸಲು ಅರ್ಜಿ ಹಾಕಿದವರೂ ಅವರೇ. ಡಾಕ್ಟರ್ ಚಲುವರಾಜು ಯಾರು ಅಂತ ವಿಚಾರಿಸುವ ಕೆಲಸವನ್ನು ಮಾತ್ರ ಸಂಜೀವಯ್ಯ ವಹಿಸಿಕೊಂಡರು. ಒಂದು ವಾರ ಬಿಟ್ಟು, ಸಂತಾನವಿಲ್ಲ, ವಾರಸುದಾರರಿಲ್ಲ ಅಂತ ವರದಿ ಒಪ್ಪಿಸಿದರು. ಕಾರು ಗುಜರಿಯಲ್ಲಿ ಸಿಕ್ಕಿತೆಂಬ ಮಾತನ್ನು ಮುಚ್ಚಲಿಲ್ಲ. ನಿಜವಾದ ಮಾತು ಒಂದಾದರೂ ಇದ್ದರೆ ಉಳಿದವು ಅದರ ಹೆಗಲ ಮೇಲೆ ಕೈಹಾಕಿಕೊಂಡು ನಡೆಯುತ್ತವೆ.

ಡಿಸೆಂಬರಿನಲ್ಲಿ ಇಂಗ್ಲೆಂಡಿನಿಂದ ಆಹ್ವಾನ ಬಂತು. ಟಿ ೨೮೭೩ ಮತ್ತು ಅದರ ಮಾಲೀಕರು. ಸಂಜೀವಯ್ಯ ಪಾಸ್‌ಪೋರ್ಟಿಗೆ ಫೋಟೋ ತೆಗೆಸಿದರು, ಗಾಂಧಿಬಜಾರಿನಲ್ಲಿ ಬೂದು ಬಣ್ಣದ ಸೂಟು ಹೊಲಿಸಿದರು. ಈಶ್ವರಮ್ಮ ಮಫ್ಲರ್ ಹೆಣೆಯಲು ಕೂತರು. ಪತ್ರಿಕೆಯೊಂದರಲ್ಲಿ ಅರ್ಧ ಪುಟ ಬಂತು: ಕಾರಿನ ಚಿತ್ರ, ಮೊಣಕೈಯ ಚಿತ್ರ, ಡಾಕ್ಟರ ಹೆಸರು, ಚಾಸಿ ನಂಬರು, ಮತ್ತು ಕಾರಿನ ಮೇಲೆ ಕೈಯಿಟ್ಟು ನಿಂತ ಸಂಜೀವಯ್ಯ. ಓಣಿಯವರು ನಿಲ್ಲಿಸಿ ಮಾತಾಡಿಸತೊಡಗಿದರು.

ಆಗಾಗ ಅವರು ಒಬ್ಬರೇ ಕೂತು, ಎಲ್ಲಾದರೂ ಎಳೆ ಬಿಟ್ಟುಹೋಗಿದೆಯೇ ಎಂದು ಮೊದಲಿನಿಂದ ಕೊನೆವರೆಗೆ ತಡವಿ ನೋಡುತ್ತಿದ್ದರು. ಪಂಚುಗಳನ್ನು ಕುಲುಮೆಯಲ್ಲಿ ಕರಗಿಸಿಯಾಗಿತ್ತು. ತುಮಕೂರಿನ ಷಡ್ಡಕ ಪತ್ರಗಳನ್ನು ಬಚ್ಚಲ ಒಲೆಗೆ ಹಾಕಿದ್ದ. ಮಿಸ್ ಪೆಂಡಲ್‌ಗೆ ತುಮಕೂರಿನ ವಿದ್ಯಾರ್ಥಿ ಬೇರೆ, ಬೆಂಗಳೂರಿನ ವಕೀಲರು ಬೇರೆ. ಬೆರಳು ಎಲ್ಲೂ ಎಡವಲಿಲ್ಲ.

೧೯೮೬ರ ಜನವರಿಯ ರ‍್ಯಾಲಿಯಲ್ಲಿ ಅವರ ಕಾರು ಎಲ್ಲಕ್ಕಿಂತ ಮುಂದೆ ಹೋಯಿತು. ಮಾರನೇ ಭಾನುವಾರ ಸಂಪಿಗೆ ಮರದ ಕೆಳಗೆ ಸನ್ಮಾನ. ಕಾರಿಗೆ ಚೆಂಡುಹೂವಿನ ಹಾರ, ಸಂಜೀವಯ್ಯನವರಿಗೆ ಶಾಲು. ರಾಮಪ್ರಸಾದ ಭಾಷಣ ಮಾಡುತ್ತಾ, ಈ ಕಾರು ಆ ಕಾರಲ್ಲ ಅಂತ ಯಾರಾದರೂ ಅಂದರೆ ಹೈಕೋರ್ಟಿನವರೆಗೂ ಹೋಗಿ ಸಾಬೀತು ಮಾಡುತ್ತೇನೆ ಅನ್ನುವಷ್ಟರಲ್ಲಿ, ಗೇಟಿನ ಹೊರಗೆ ತಮಟೆ ಸದ್ದು ಕೇಳಿಸಿತು.

ಒಂದು ಲಾರಿ ಬಂದು ನಿಂತಿತ್ತು. ಅದರಿಂದ ಇಪ್ಪತ್ತು ಮೂವತ್ತು ಜನ ಇಳಿದರು. ತೆಂಗಿನಕಾಯಿ, ಅರಿಶಿನ ಕುಂಕುಮ, ಆರತಿ ತಟ್ಟೆ. ಮುಂದೆ ಎಪ್ಪತ್ತೈದರ ಆಸುಪಾಸಿನ ಒಬ್ಬ ಹೆಂಗಸು, ಅವಳ ಪಕ್ಕದಲ್ಲಿ ಕೆಂಪು ವಸ್ತ್ರ ಸುತ್ತಿದ ಗಂಟೊಂದನ್ನು ಹಿಡಿದ ನಡುವಯಸ್ಸಿನವನು. ಸುಬ್ರಹ್ಮಣ್ಯಪುರದ ಆಚೆಯ ಹಳ್ಳಿಯವರು ಅಂದರು. ಹೆಂಗಸಿನ ಹೆಸರು ಕೆಂಪಕ್ಕ, ಗಂಟು ಹಿಡಿದವನು ಬೈಲಪ್ಪ. ಪೇಪರು ನೋಡಿ ಬಂದಿದ್ದರಂತೆ.

ಕೆಂಪಕ್ಕ ಯಾರನ್ನೂ ಮಾತಾಡಿಸದೆ ನೆಟ್ಟಗೆ ಕಾರಿನ ಹತ್ತಿರ ಹೋಗಿ ಅದರ ಮೈ ಸವರಿದಳು. "ನಮ್ಮವ್ವನ ಗಾಡಿ," ಅಂದಳು. "ಇದೇ ಕಣ್ರಪ್ಪ. ಇದೇ ಬಾಗ್ಲು. ನಾನು ವಯಸ್ನಲ್ಲಿದ್ದಾಗ ಇದ್ರಲ್ಲೇ ಬೆಳ್ಳು ಸಿಕ್ಕಾಕ್ಕೊಂಡಿದ್ದು, ನೋಡಿ." ಡೊಂಕಾದ ಕಿರುಬೆರಳನ್ನು ಎತ್ತಿ ತೋರಿಸಿದಳು.

ಆ ಬಾಗಿಲು ಬೇರೆಯೇ ಕಂಪನಿಯ ಕಾರಿನದು, ಏಳು ವರ್ಷದ ಹಿಂದೆ ಗುಜರಿಯಲ್ಲಿ ಕೊಂಡದ್ದು ಅಂತ ಸಂಜೀವಯ್ಯನವರಿಗೆ ಮಾತ್ರ ಗೊತ್ತಿತ್ತು. ಡಾಕ್ಟರ ಕೈಯಲ್ಲಿ ಔಷಧಿ ತಗೊಂಡ ಬಡಜನ, ಪಾಪ, ಈಕೆಯ ತಾಯಿಯನ್ನು ಎಂದೋ ಇದರಲ್ಲಿ ಆಸ್ಪತ್ರೆಗೆ ಸಾಗಿಸಿರಬೇಕು ಅಂದುಕೊಂಡು ಅವರು ದೊಡ್ಡ ಮನಸ್ಸು ಮಾಡಿ ಮುಗುಳ್ನಕ್ಕರು. ಕೆಂಪಕ್ಕ ಅವರ ಕಾಲು ಮುಟ್ಟಲು ಬಂದಳು.

"ನಿಮ್ ಹೊಟ್ಟೆ ತಣ್ಗಿರ್ಲಿ ಕಣಪ್ಪ. ನೀವಿಲ್ದಿದ್ರೆ ಗುಜ್ರೀಲಿ ಮಣ್ಣಾಗೋಗ್ತಿತ್ತು. ಐವತ್ಮೂರ್ನೇ ಇಸ್ವೀಲಿ ರಿಪೇರಿಗೆ ಅಂತ ಸಿಟಿಗೆ ಕಳ್ಸಿದ್ದು. ಆ ಡ್ರೈವರ್ ಮುಂಡೇಗಂಡ ತಿರ‍್ಗಿ ಬರ್ಲೇ ಇಲ್ಲ."

"ಕಳಿಸಿದ್ದು ಯಾರು?" ಅಂದರು ರಾಮಪ್ರಸಾದ. "ಡಾಕ್ಟರು ನಲವತ್ತೇಳರಲ್ಲೇ ಹೋದ್ರಲ್ಲಮ್ಮ?"

ಬೈಲಪ್ಪ ಕೆಂಪು ವಸ್ತ್ರ ಬಿಚ್ಚಿ, ಅರಿಶಿನ ಮೆತ್ತಿದ ಒಂದು ಛಾಪಾಕಾಗದ ತೆಗೆದು ಎರಡೂ ಕೈಯಲ್ಲಿ ಕೊಟ್ಟ. "ನೀವೇ ಓದಿ ಲಾಯರ್ ಸಾಮಿ. ನಮಗೆ ಇಂಗ್ಲೀಸು ಬರಾಕಿಲ್ಲ. ನಂಬರ್ ಮಾತ್ರ ಪೇಪರ್ನಾಗಿರೋದ್ಕೂ ಇದ್ಕೂ ಒಂದೇ ಅಂತ ನಮ್ ಮೇಷ್ಟ್ರು ಅಂದ್ರು."

ರಾಮಪ್ರಸಾದ ಒಮ್ಮೆ ಮನಸ್ಸಿನಲ್ಲೇ ಓದಿದರು. ಇನ್ನೊಮ್ಮೆ ಓದಿದರು. ಆಮೇಲೆ ಚಪ್ಪಲಿ ಬಿಟ್ಟರು. ಅವರು ಚಪ್ಪಲಿ ಬಿಟ್ಟದ್ದು ಯಾಕೆಂದು ಸಂಜೀವಯ್ಯನವರಿಗೆ ತಿಳಿಯಲಿಲ್ಲ.

ಹಳ್ಳಿಯಲ್ಲಿ ಕಾಲರಾ ಬಂದಾಗ ಒಂದು ತಿಂಗಳು ಗುಡಿಯ ಜಗಲಿಯ ಮೇಲೆ ಮಲಗಿ ಚುಚ್ಚುಮದ್ದು ಕೊಟ್ಟಿದ್ದ ಡಾಕ್ಟರ್ ಚಲುವರಾಜು, ಸಾಯುವುದಕ್ಕೆ ಒಂದು ವರ್ಷ ಮುಂಚೆ, ಟಿ ೨೮೭೩ ನಂಬರಿನ ಕಡುನೀಲಿ ಆಲ್ಡರ್ಟನ್ ಕಾರನ್ನು ಆ ಊರಿನ ಸಪ್ಪಲಮ್ಮ ದೇವಿಗೆ, ಉತ್ಸವದ ದಿನ ಮೂರು ಹಳ್ಳಿ ಸುತ್ತಿ ಬರಲು, ದಾನ ಬರೆದುಕೊಟ್ಟಿದ್ದರು. "ಇದು ಮಾರೋ ಆಸ್ತಿ ಅಲ್ಲ," ಅಂದರು ರಾಮಪ್ರಸಾದ, ಪ್ರಮಾಣಪತ್ರ ಬರೆದಾಗಿನ ಅದೇ ಉತ್ಸಾಹದಲ್ಲಿ. "ಕಾಯ್ದೆಯಲ್ಲಿ ದೇವತೆ ಎಂದೆಂದಿಗೂ ಮೈನರ್ ಕಣ್ರೀ ಸಂಜೀವಯ್ಯನವರೇ. ಡ್ರೈವರ್ ಮಾರಿದ್ದೂ ಮಾರಾಟವಲ್ಲ, ನೀವು ಕೊಂಡಿದ್ದೂ ಕೊಂಡಿದ್ದಲ್ಲ." ಡಾಕ್ಟರಿಗೆ ಹೆಂಡತಿ ಮಕ್ಕಳು ಅಣ್ಣತಮ್ಮ ದತ್ತುಮಗ ಯಾರಿದ್ದಾರೆಂದು ಮೂರು ಬೀದಿ ಅಲೆದು ವಿಚಾರಿಸಿದ್ದ ಸಂಜೀವಯ್ಯ, ಬದುಕಿದ್ದಾಗಲೇ ಅವರು ಕಾರನ್ನು ಯಾರಿಗಾದರೂ ಕೊಟ್ಟಿದ್ದರೇ ಎಂದು ಕೇಳಿರಲಿಲ್ಲ. ಈಗ ಕಾರು ಉಳಿಯಬೇಕಾದರೆ ಅವರು ಒಂದೇ ಮಾತು ಹೇಳಿದರೆ ಸಾಕಾಗಿತ್ತು: ಆ ನಂಬರು ಹೊಡೆದವನು ನಾನೇ. ಬಾಯಿ ತೆರೆದರು. ಎದುರಿಗೆ ಹದಿಮೂರು ಜನ, ಅವರ ಹಿಂದೆ ಮಫ್ಲರ್ ತೊಡೆಯ ಮೇಲಿಟ್ಟುಕೊಂಡ ಈಶ್ವರಮ್ಮ, ಕಾಲ ಬಳಿ ಕೆಂಪಕ್ಕ. ತೆರೆದ ಬಾಯಿಗೆ ಯಾರೋ ಪ್ರಸಾದದ ಬಾಳೆಹಣ್ಣು ಇಟ್ಟರು. ಅತ್ತ ತಮಟೆ ಮತ್ತೆ ಶುರುವಾಯಿತು, ಬೈಲಪ್ಪ ಪೇಪರಿನ ಅರ್ಧ ಪುಟ ಬಿಡಿಸಿ, ಬೆರಳಿಟ್ಟು, ಮೆಲ್ಲಗೆ ಕೇಳುತ್ತಿದ್ದ: "ಲಾಯರ್ ಸಾಮಿ, ಹಡಗಲ್ಲಿ ಗಾಡಿ ಜತೆ ಮಾಲೀಕರೂ ಹೋಗ್ಬೇಕು ಅಂತ ಹಾಕವ್ರೆ. ಸಪ್ಪಲಮ್ಮವ್ವ ಒಬ್ಳೇ ಹೆಂಗೋದಾಳು? ಪೂಜಾರಿ ಅಂತ ನಾನೂ ಜತೆಗೆ ಹೋಗ್ಬೇಕಲ್ವಾ?"